ಪಾದ್ರಿ ಮಠಕ್ಕೆ ಮೋಲ್ಡ್ ಹಾಕಿದ ಬೇಸಿಗೆ

ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಈರುಳ್ಳಿ. ಸನ್ಯಾಸಿಗಳು ಎದುರುಬದುರಾಗಿ ಕುಳಿತು ಪ್ರಾರ್ಥಿಸಲೆಂದು ಕಟ್ಟಿದ್ದ ಕಲ್ಲಿನ ಪೀಠಗಳು ಮುಳುಗುವಷ್ಟು ಈರುಳ್ಳಿ. ಅದರ ಹಿಂದೆ, ತುಸು ತಡವಾಗಿ, ನೆಂದು ಒಣಗಿ ಮತ್ತೆ ನೆಂದ ಸಿಮೆಂಟಿನ ವಾಸನೆ. ಬುಕ್ಕಾಂಬುಧಿಯಲ್ಲಿ ನೆಂಟರ ಮದುವೆಗೆಂದು ಬಂದಿದ್ದೆ. ಊಟವಾಗಿ ಎಲ್ಲರೂ ಎಲೆಯಡಿಕೆಗೆ ಕೂತಾಗ ನಾನೊಬ್ಬನೇ ಪಾದ್ರಿ ಮಠವಿದ್ದ ಕಲ್ಲುದಿಬ್ಬ, ಆ ಬೋರೆ, ಹತ್ತಿದೆ. ಹತ್ತು ವರ್ಷದ ಮೇಲೆ ನೋಡಬೇಕೆನ್ನಿಸಿ ಬಂದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹತ್ತು ವರ್ಷ ಬಾರದಿರಲು ನೆಪ ಹುಡುಕುತ್ತಿದ್ದವನಿಗೆ ಆ ದಿನ ನೆಪ ಸಿಗಲಿಲ್ಲ, ಅಷ್ಟೆ.

ಈರುಳ್ಳಿ ರಾಶಿ ಪೂರ್ವದ ಅರ್ಧದಲ್ಲಿ ಮಾತ್ರ ಇತ್ತು. ಪೂಜೆಯ ಪೀಠವಿದ್ದ ಪಶ್ಚಿಮದ ಅರ್ಧ ಖಾಲಿ. ಅಷ್ಟು ಜಾಗ ಯಾಕೆ ಬಿಟ್ಟಿದ್ದೀರಿ ಎಂದು ಬೀಗ ತೆಗೆದುಕೊಟ್ಟ ಈರುಳ್ಳಿ ಮಂಡಿಯ ಕಾವಲಿನವನನ್ನು ಕೇಳಿದೆ.

“ಅಲ್ಲಿ ಹಾಕಂಗಿಲ್ಲ ಸಾರ್. ಮಳೆ ಬಂದ್ರೆ ಸೋರಿ ಎಲ್ಲಾ ಕೊಳ್ತೋಗುತ್ತೆ,” ಎಂದು ಅವನು ಬೀಡಿ ಹಿಡಿದ ಕೈಯಿಂದ ಮೇಲೆ ತೋರಿಸಿದ. “ನೋಡಿ, ಅಡ್ಡಕ್ಕೆ ಗೆರೆ. ಯಾವನೋ ಆಚಾರಿ ಸೆಂಟ್ರಿಂಗ್ ನೆಟ್ಟಗೆ ಕಟ್ದೆ ಹಾಳ್ ಮಾಡ್ಬಿಟ್ನಂತೆ. ಪಾಪ, ಪಾದ್ರಿಗಳೆಲ್ಲ ಎದ್ದೋದ್ರು.”

“ಯಾವ ಆಚಾರಿ?”

“ರುದ್ರಾಚಾರ್ ಅಂತ. ಈಗ ಎಲ್ಲವ್ನೋ. ನಮ್ ಕಡೆ ಯಾರ ಮನೆ ಬಾಗ್ಲಾದ್ರೂ ಸರಿಯಾಗಿ ಕೂರ್ಲಿಲ್ಲ ಅನ್ನಿ, ಏನ್ ಪಾದ್ರಿ ಮಠದ ಆಚಾರಿ ಬಂದಿದ್ನೇನ್ಲಾ ಅಂತಾರೆ.”

ಅವನು ನಕ್ಕ. ನಾನೂ ನಕ್ಕೆನೇನೋ. ಇಲ್ಲ, ನಕ್ಕೆ.

ಆ ಗೆರೆ ಸೆಂಟ್ರಿಂಗಿನ ತಪ್ಪಿನಿಂದ ಬಂದದ್ದಲ್ಲ. ರುದ್ರಾಚಾರ್ ಕಟ್ಟಿದ ಸೆಂಟ್ರಿಂಗು ಒಂದು ನೂಲಿನಷ್ಟೂ ಅಲುಗಿರಲಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಅವನ ಹೆಸರಿಗೆ ಈ ಮಾತು ಅಂಟಿದ್ದು ನನ್ನ ಬಾಯಿಂದ ಹೊರಟ ಒಂದು ವಾಕ್ಯದಿಂದ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಅಜ್ಜಂಪುರದಲ್ಲಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಕೂತಿದ್ದೆ. ಎಲ್ಲಿಂದಲೋ ಬಂದ ಒಂಬತ್ತು ಮಂದಿ ಕ್ರೈಸ್ತ ಸನ್ಯಾಸಿಗಳು ಬುಕ್ಕಾಂಬುಧಿಯ ದಾರಿಯಲ್ಲಿ ಯಾರೂ ಉಳದ ಕಲ್ಲು ಬೋರೆಯೊಂದನ್ನು ಕೊಂಡು ನಾಲ್ಕೈದು ವರ್ಷವಾಗಿತ್ತು. ಬಾವಿ ತೋಡಿದರು, ದನ ಕಟ್ಟಿದರು, ಕಲ್ಲು ಆಯ್ದು ರಾಗಿ ಬೆಳೆದರು. ದಿನಕ್ಕೆ ಹಲವು ಸಲ ಗಂಟೆ ಬಾರಿಸಿ ತಗಡಿನ ಶೆಡ್ಡೊಂದರಲ್ಲಿ ಕೂತು ಹಾಡಿನಂಥ ಪ್ರಾರ್ಥನೆ ಮಾಡುತ್ತಿದ್ದರು. ಊರವರು ಅದನ್ನು ಪಾದ್ರಿ ಮಠ ಎಂದು ಕರೆದು, ಅಷ್ಟಕ್ಕೆ ಅದು ತಮಗೆ ಅರ್ಥವಾಯಿತೆಂದುಕೊಂಡರು. ಹಿರಿಯ ಸನ್ಯಾಸಿ ಫಾದರ್ ಸಿಲ್ವೆಸ್ಟರ್ ಎದುರಿಗೆ ಬಂದರೆ ನಮ್ಮ ಮಠದ ಸ್ವಾಮಿಗಳಿಗೆ ಮಾಡಿದ ಹಾಗೆಯೇ ಬಗ್ಗಿ, “ಬುದ್ಧೀ” ಎನ್ನುತ್ತಿದ್ದರು. ಮಂಗಳೂರು ಕಡೆಯ ಆ ಮನುಷ್ಯ ಮೊದಮೊದಲು ತನಗೇನೋ ಬುದ್ಧಿ ಹೇಳುತ್ತಿದ್ದಾರೆಂದು ಹೆದರಿದ್ದರಂತೆ.

ಅವರಿಗೆ ಒಂದು ಚರ್ಚು ಬೇಕಾಯಿತು. ಬೆಂಗಳೂರಿನಿಂದ ಬಂದ ಆರ್ಕಿಟೆಕ್ಟ್ ಗೋಪುರವಿಲ್ಲದ, ಕಮಾನಿಲ್ಲದ, ಬಣ್ಣವಿಲ್ಲದ ಒಂದು ಕಟ್ಟಡ ಬರೆದುಕೊಟ್ಟರು. ಸುತ್ತ ಕಾಡುಗಲ್ಲಿನ ಗೋಡೆ, ಮೇಲೆ ಒಂದೇ ಕಾಂಕ್ರೀಟಿನ ಮಾಡು. ಆ ಮಾಡು ಎರಡು ಮೂಲೆಯಲ್ಲಿ ಏಳುತ್ತಿತ್ತು, ಎರಡು ಮೂಲೆಯಲ್ಲಿ ಇಳಿಯುತ್ತಿತ್ತು. ನಡುವೆ ಒಂದೂ ಕಂಬವಿರಲಿಲ್ಲ. ಗಾರೆ ಬಳಿಯುವಂತಿಲ್ಲ. ಹಲಗೆಯ ಮೇಲೆ ಕಾಂಕ್ರೀಟು ಹೇಗೆ ಕೂತಿತೋ ಹಾಗೆಯೇ ಕೆಳಗಿನಿಂದ ಕಾಣಬೇಕು. ಕೆಲಸ ನೋಡಿಕೊಳ್ಳಲು ಹತ್ತಿರದವನೊಬ್ಬ ಬೇಕಾಗಿತ್ತು, ನಾನು ಸಿಕ್ಕಿದೆ. ಇಪ್ಪತ್ತಮೂರು ವರ್ಷದವನನ್ನು ಜನ ಇಂಜಿನಿಯರ್ರೇ ಎನ್ನತೊಡಗಿದರು.

ಸೆಂಟ್ರಿಂಗಿಗೆ, ಎಂದರೆ ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಲ್ಲುವ ಹಲಗೆ ಕಂಬಗಳ ಕೆಲಸಕ್ಕೆ, ಅಜ್ಜಂಪುರದ ರುದ್ರಾಚಾರ್‌ನನ್ನು ಕರೆದೆವು. ಐವತ್ತರ ಹತ್ತಿರದವನು. ಎತ್ತಿನ ಗಾಡಿ, ಕೂರಿಗೆ, ಬಾಗಿಲು ಮಾಡಿಕೊಂಡಿದ್ದವನು. ಆರ್ಕಿಟೆಕ್ಟ್ ತಂದಿದ್ದ ರಟ್ಟಿನ ಮಾದರಿಯನ್ನು ಅವನು ಬೆಳಗಿನಿಂದ ಊಟದ ಹೊತ್ತಿನವರೆಗೆ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದ. ಆಮೇಲೆ ಪೊರಕೆ ಕಡ್ಡಿಗಳನ್ನು ತರಿಸಿ, ಎರಡು ಓರೆ ದಬ್ಬೆಗಳ ಮೇಲೆ ಒಂದರ ಪಕ್ಕ ಒಂದು ಜೋಡಿಸಿದ. ಒಂದು ಕಡ್ಡಿಯೂ ಬಗ್ಗಲಿಲ್ಲ, ಆದರೆ ಕಡ್ಡಿಗಳ ಸಾಲು ಬಳುಕಿ ನಿಂತಿತು.

“ನೋಡ್ರೀ ಇದರ ಚೇಷ್ಟೆನಾ,” ಎಂದ. “ಹಲ್ಗೆ ಒಂದೂ ಬಗ್ಸಂಗಿಲ್ಲ. ಎಲ್ಲಾ ನೆಟ್ಟಗೇ. ಒಂದಕ್ಕಿಂತ ಒಂದು ಚೂರು ಓರೆ ಇಕ್ಕಂತ ಹೋದ್ರೆ ಮಾಡೇ ಬಗ್ಗುತ್ತೆ.”

ಲಿಂಗದಹಳ್ಳಿಯ ಕೊಯ್ಯೋ ಮಿಲ್ಲಿನಿಂದ ಮಾವಿನ ಹಲಗೆ ಬಂತು. ಒಂದೊಂದನ್ನೂ ಅವನು ತಂತಿಯ ಬ್ರಷ್ಷಿನಿಂದ ಉಜ್ಜಿ ಮರದ ಎಳೆ ಎದ್ದು ಕಾಣುವ ಹಾಗೆ ಮಾಡಿದ. ಕಾಂಕ್ರೀಟಿನ ಮೇಲೆ ಆ ಎಳೆ ಅಚ್ಚಾಗುತ್ತದೆಂದು ಅವನಿಗೆ ಹೇಳಿದ್ದೇ ತಪ್ಪಾಯಿತು. ಗಂಟು ಯಾವ ಕಡೆ ಬರಬೇಕು, ಯಾವ ಹಲಗೆಯ ಪಕ್ಕ ಯಾವುದು ಎಂದು ದಿನಗಟ್ಟಲೆ ಜೋಡಿಸುತ್ತ, ಕಿತ್ತು ಮತ್ತೆ ಜೋಡಿಸುತ್ತ ಕೂತ. ಜಲ್ಲಿ ಹೊರುವ ಹೆಂಗಸರ ಗುಂಪಿನ ಹಿರಿಯಳು ಗಂಗಮ್ಮ ದಿನಾ ಅವನನ್ನು ಕೆಣಕುತ್ತಿದ್ದಳು.

“ಏನ್ ಆಚಾರ್ರೇ, ಮಗಳ ಸೀರೆ ಆರ್ಸ್ದಂಗೆ ಆರಿಸ್ತೀರಲ್ಲ! ಆಮೇಲೆ ಇದನ್ನ ಕಿತ್ ಬಿಸಾಕೋದು ತಾನೆ?”

“ಕಿತ್ತಾಕಿದ್ಮೇಲೇನೇ ಕಣಮ್ಮಾ ಇದು ಕಾಣೋದು. ನೀನ್ ಅನ್ನ ಬೇಯಿಸ್ತೀಯ, ಉಂಡ್ಬಿಟ್ರೆ ಹೋಯ್ತು. ನಂದು ಹಂಗಲ್ಲ.”

“ಓಹೋ, ನೀವ್ ನನ್ ಅನ್ನ ಉಂಡಿದ್ದು ಯಾವಾಗ?” ಎಂದು ಅವಳು ಬಾಂಡ್ಲಿ ತಲೆಗಿಟ್ಟುಕೊಂಡು ಹೊರಟರೆ ಎಲ್ಲರೂ ನಗುತ್ತಿದ್ದರು. ಫಾದರ್ ಕೂಡ ಅರ್ಥವಾಗದಿದ್ದರೂ ನಗುತ್ತಿದ್ದರು.

ಇಷ್ಟು ಬರೆಯುವಾಗ ಎಲ್ಲ ನಗುನಗುತ್ತಲೇ ಇದ್ದ ಹಾಗೆ ಕಾಣುತ್ತದೆ. ನಡುವೆ ಸಿಮೆಂಟಿನ ಪರ್ಮಿಟ್ಟಿಗಾಗಿ ನಾನು ಕಡೂರಿಗೆ ಅಲೆದದ್ದು, ಬಿಸಿಲಿಗೆ ಇಬ್ಬರು ಹೆಂಗಸರು ತಲೆಸುತ್ತಿ ಬಿದ್ದದ್ದು, ಬಾವಿಯ ನೀರು ತಳ ಕಂಡು ಸನ್ಯಾಸಿಗಳು ಸ್ನಾನ ಬಿಟ್ಟು ಆ ನೀರನ್ನು ಕೆಲಸಕ್ಕೆ ಕೊಟ್ಟದ್ದು ಎಲ್ಲ ಇದೆ. ಅವು ಬೇಗ ನೆನಪಿಗೆ ಬರುವುದಿಲ್ಲ. ಯಾಕೆ ಬರುವುದಿಲ್ಲವೆಂದು ನನಗೆ ಗುಮಾನಿಯಿದೆ. ಸುಖವಾಗಿತ್ತು ಎಂದುಕೊಂಡರೆ ಮುಂದಿನದು ದುರದೃಷ್ಟವಾಗುತ್ತದೆ, ಯಾರ ತಪ್ಪೂ ಆಗುವುದಿಲ್ಲ.

ಮಾಡಿಗೆ ಕಾಂಕ್ರೀಟು ಹಾಕುವ ದಿನ ಗೊತ್ತಾಯಿತು. ನಮ್ಮ ಕಡೆ ಅದನ್ನು ಮೋಲ್ಡ್ ಹಾಕುವುದು ಎನ್ನುತ್ತಾರೆ. ಅಂಥ ಮಾಡಿಗೆ ಮೋಲ್ಡು ಒಂದೇ ಸಮನೆ ಬೀಳಬೇಕು. ಒಂದು ಅಂಚಿನಿಂದ ಶುರು ಮಾಡಿದರೆ ಇನ್ನೊಂದು ಅಂಚು ಮುಟ್ಟುವವರೆಗೆ ನಿಲ್ಲಿಸುವಂತಿಲ್ಲ. ನಿಂತರೆ ಹಾಕಿದ್ದು ಒಣಗಿ, ಆಮೇಲೆ ಹಾಕಿದ್ದು ಅದಕ್ಕೆ ಕೂಡಿಕೊಳ್ಳುವುದಿಲ್ಲ. ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಬಾಯಿ ಉಳಿಯುತ್ತದೆ. ಆರ್ಕಿಟೆಕ್ಟ್ ಇದನ್ನು ಕಾಗದದಲ್ಲಿ ಎರಡು ಸಲ ಗೆರೆ ಎಳೆದು ಬರೆದಿದ್ದರು. ನಾನು ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆ. ಊಟಕ್ಕೂ ಎಲ್ಲರೂ ಒಟ್ಟಿಗೆ ಹೋಗುವಂತಿಲ್ಲ, ಸರದಿಯ ಮೇಲೆ ಹೋಗಬೇಕು ಎಂದೆ. ಸರಿ ಎಂದರು.

ನಾನು ಹೇಳದೆ ಬಿಟ್ಟದ್ದು ಗಂಟೆಯ ವಿಷಯ. ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ನಮ್ಮ ಸೀಮೆಯ ಮಠಗಳಲ್ಲಿ ಸ್ವಾಮಿಗಳು ಪೂಜೆಗೆ ಕುಳಿತಾಗ ಗಂಟೆ ಬಾರಿಸುತ್ತಾರೆ. ಅಂಗಳದಲ್ಲಿ ಸೌದೆ ಒಡೆಯುವವನು ಕೊಡಲಿ ಕೆಳಗಿಡುತ್ತಾನೆ, ಬಾವಿಯ ರಾಟೆ ನಿಲ್ಲುತ್ತದೆ, ಜಗಳವಾಡುತ್ತಿದ್ದವರು ಬಾಯಿ ಮುಚ್ಚುತ್ತಾರೆ. ಪೂಜೆ ಮುಗಿದು ಮಂಗಳಾರತಿಯ ಗಂಟೆ ಬಾರಿಸಿದ ಮೇಲೆಯೇ ಎಲ್ಲ ಮತ್ತೆ ಶುರು. ಚಿಕ್ಕಂದಿನಿಂದ ಇದು ನಮ್ಮ ಮೈಯಲ್ಲಿ ಇದೆ, ಯಾರೂ ಕಲಿಸಬೇಕಾಗಿಲ್ಲ. ಬೋರೆಯ ಮೇಲೆಯೂ ನಮ್ಮ ಜನ ಹೀಗೆಯೇ ಮಾಡುತ್ತಿದ್ದರು. ಮಧ್ಯಾಹ್ನದ ಗಂಟೆ ಬಿದ್ದರೆ ಕೆಲಸ ನಿಲ್ಲಿಸುತ್ತಿದ್ದರು. ಅದು ಊಟದ ಹೊತ್ತೂ ಆಗಿದ್ದರಿಂದ, ಊಟಕ್ಕೆ ನಿಲ್ಲಿಸುತ್ತಾರೆಂದು ನಾನು ತಿಳಿದಿದ್ದೆ. ಸನ್ಯಾಸಿಗಳೂ ಹಾಗೆಯೇ ತಿಳಿದಿದ್ದರು. ಉಂಡು ಮುಗಿಸುವ ಹೊತ್ತಿಗೆ ಅವರು ಶೆಡ್ಡಿನಿಂದ ಹೊರಗೆ ಬಂದಿರುತ್ತಿದ್ದರು. ಅವರ ಪ್ರಾರ್ಥನೆ ಮುಗಿದಾಗ ಗಂಟೆ ಬಾರಿಸುವ ರೂಢಿಯೇ ಇಲ್ಲವೆಂಬುದನ್ನು ಯಾರೂ ಗಮನಿಸಿರಲಿಲ್ಲ.

ಆ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಮಿಕ್ಸರ್ ಶುರುವಾಯಿತು. ಅದನ್ನು ಓಡಿಸುವವನು ಕಡೂರಿನ ಬಾಷಾ. ಹೆಂಗಸರು ಏಣಿಯ ಉದ್ದಕ್ಕೂ ನಿಂತು ಬಾಂಡ್ಲಿಯನ್ನು ಕೈಯಿಂದ ಕೈಗೆ ಸಾಗಿಸಿದರು. ರುದ್ರಾಚಾರ್ ಕೆಳಗೆ, ಸರ್ವೆ ಕಂಬಗಳ ಕಾಡಿನಲ್ಲಿ, ಒಂದೊಂದು ಕಂಬದ ಬುಡದ ಬೆಣೆಯನ್ನೂ ಸುತ್ತಿಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತ ಓಡಾಡುತ್ತಿದ್ದ. ಮಾಡಿನ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಏಪ್ರಿಲ್ಲಿನ ಬಿಸಿಲು ನೆತ್ತಿಗೆ ಬಂತು. ಆಗ ಗಂಟೆ ಬಿತ್ತು.

ಗಂಗಮ್ಮ ಬಾಂಡ್ಲಿ ಕೆಳಗಿಟ್ಟಳು. ಅವಳ ಮೇಲಿನವಳು ಇಟ್ಟಳು, ಅದರ ಮೇಲಿನವಳು ಇಟ್ಟಳು. ಮಿಕ್ಸರ್ ಒಂದೇ ಬಡಬಡಿಸುತ್ತಿತ್ತು.

“ಲೇ ಬಾಷಾ, ಆರ್ಸೋ ಅದನ್ನ. ಬುದ್ಧಿಯೋರು ಪೂಜೆಗೆ ಕುಂತವ್ರೆ, ಕಿವಿ ಕೇಳಲ್ವಾ?”

“ಇಂಜಿನೇರ್ರು ನಿಲ್ಲಿಸ್ಬ್ಯಾಡ ಅಂದವ್ರಲ್ಲಕ್ಕಾ.”

“ಊಟಕ್ಕೆ ನಿಲ್ಲಿಸ್ಬ್ಯಾಡ ಅಂದಿದ್ದು. ದೇವ್ರಿಗೂ ನಿಲ್ಲಿಸ್ಬ್ಯಾಡ ಅಂದ್ರಾ? ಆರ್ಸು.”

ಬಾಷಾ ಆರಿಸಿದ.

ನನ್ನ ಹೆಂಡತಿಗೆ, ಗೆಳೆಯರಿಗೆ, ಆಮೇಲೆ ಕೆಲಸ ಮಾಡಿದ ಆಫೀಸುಗಳಲ್ಲಿ ಈ ಕತೆ ಬಂದಾಗೆಲ್ಲ ನಾನು ಹೇಳಿಕೊಂಡು ಬಂದದ್ದು, ಆ ಹೊತ್ತಿನಲ್ಲಿ ನಾನು ಅಲ್ಲಿರಲಿಲ್ಲ ಎಂದು. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರಿನ ಬೆಲ್ಟು ಹರಿದಿತ್ತು, ತರಲು ಅಜ್ಜಂಪುರಕ್ಕೆ ಸೈಕಲ್ಲಿನಲ್ಲಿ ಹೋಗಿದ್ದೆ, ಬರುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಬೆಲ್ಟು ಕೊಟ್ಟ ಅಂಗಡಿಯವನ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಬೆಲ್ಟನ್ನು ಹಳೇ ಪೇಪರಿನಲ್ಲಿ ಸುತ್ತಿದ್ದು ಕೂಡ. ಆದರೆ ಆ ಬೆಲ್ಟು ತಂದದ್ದು ಹಿಂದಿನ ವಾರ. ಆ ದಿನ ನಾನು ಬೋರೆಯ ಮೇಲೇ ಇದ್ದೆ, ಗೋಡೆಯ ನೆರಳಿನಲ್ಲಿ ಮಜ್ಜಿಗೆಯ ಲೋಟ ಹಿಡಿದು ಕೂತಿದ್ದೆ. ಗಂಗಮ್ಮ ಬಾಷಾನಿಗೆ ಹೇಳಿದ್ದು ನನಗೆ ಕೇಳಿಸಿತು. ಇಲ್ಲದಿದ್ದರೆ ಅವರ ಮಾತು ನನಗೆ ಹೇಗೆ ಗೊತ್ತಿರುತ್ತಿತ್ತು?

ಯಾಕೆ ಏಳಲಿಲ್ಲ? ಮೊದಲ ಐದು ನಿಮಿಷಕ್ಕೆ ಕಾರಣವಿದೆ: ಐದು ನಿಮಿಷದಿಂದ ಏನೂ ಆಗುವುದಿಲ್ಲ. ಆಮೇಲಿನದಕ್ಕೆ ಕಾರಣ ಹುಡುಕಿದರೆ ಸಿಗುವುದೆಲ್ಲ ನಾಚಿಕೆಗೇಡಿನವು. ಮಿಕ್ಸರ್ ನಿಂತ ಮೇಲೆ ಬೋರೆಯ ಮೇಲೆ ಎಂಥ ಮೌನ ಬಿತ್ತೆಂದರೆ, ಶೆಡ್ಡಿನೊಳಗಿನ ಒಂಬತ್ತು ದನಿಗಳು ಮೊದಲ ಸಲ ಬಿಡಿಬಿಡಿಯಾಗಿ ಕೇಳಿಸಿದವು. ಆಮೇಲೆ ಅವೂ ನಿಂತವು. ಏಣಿಯ ಮೇಲಿನ ಹೆಂಗಸರು ಸೆರಗು ಹೊದ್ದು ಇದ್ದಲ್ಲೇ ಕೂತಿದ್ದರು. ಅಲ್ಲಿ ಎದ್ದು ನಿಂತು “ನಡೀರಿ, ಕೆಲಸ ಶುರು ಮಾಡ್ರಿ” ಎಂದು ಕೂಗುವ ಮರ್ಯಾದೆಗೆಟ್ಟವನು ನಾನಾಗಬೇಕಿತ್ತು. ಅಪ್ಪನ ಜೊತೆ ಮಠಕ್ಕೆ ಹೋಗಿ ಬೆಳೆದ ಹುಡುಗ ನಾನು. ಈಗ ಮುಗಿಯುತ್ತದೆ, ಈಗ ಗಂಟೆ ಬೀಳುತ್ತದೆ ಎಂದು ಕಾದೆ. ಅವರಿಗೆ ಮುಗಿದ ಗಂಟೆಯಿಲ್ಲವೆಂದು ನಾಲ್ಕು ತಿಂಗಳು ಅಲ್ಲಿದ್ದ ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತೋ ಏನೋ. ಇನ್ನೊಂದು ಕಾರಣವನ್ನೂ ಬರೆದುಬಿಡುತ್ತೇನೆ: ನನಗೆ ದಣಿವಾಗಿತ್ತು, ಮೌನ ಹಿತವಾಗಿತ್ತು.

ಒಂದು ತಾಸು ಮೀರಿತು. ಕೊನೆಗೆ ಕೆಳಗಿನಿಂದ ರುದ್ರಾಚಾರ್ ಹೊರಗೆ ಬಂದ. ಕಂಬಗಳ ನಡುವೆ ಒಬ್ಬನೇ ಇದ್ದವನಿಗೆ ಮೇಲಿನ ಹೆಜ್ಜೆ ಸದ್ದು ನಿಂತು ಬಹಳ ಹೊತ್ತಾಯಿತೆಂದು ಅನುಮಾನ ಬಂದಿತ್ತು. ಏಣಿ ಹತ್ತಿ ಕಾಂಕ್ರೀಟಿನ ಅಂಚನ್ನು ಬೆರಳಿನಿಂದ ಒತ್ತಿದ. ಬೆರಳು ಇಳಿಯಲಿಲ್ಲ.

“ಇಂಜಿನೇರ್ರೇ, ಇದು ಬಿಗಿದೈತೆ ಕಣ್ರೀ.”

ಬಿಗಿದರೆ ಮಾಡಬೇಕಾದ್ದು ಪುಸ್ತಕದಲ್ಲಿದೆ. ಅಂಚನ್ನು ಉಳಿಯಿಂದ ಕೆತ್ತಿ ಒರಟು ಮಾಡಬೇಕು, ತೊಳೆಯಬೇಕು, ಗಟ್ಟಿ ಸಿಮೆಂಟು ಹಾಲು ಬಳಿದು ಆಮೇಲೆ ಮುಂದುವರಿಸಬೇಕು, ಆರ್ಕಿಟೆಕ್ಟಿಗೆ ತಿಳಿಸಬೇಕು. ಹಾಗೆ ಮಾಡಿದ್ದರೆ ಪ್ರಾಯಶಃ ಉಳಿಯುತ್ತಿತ್ತು. ನಾನು ಬಾಷಾನಿಗೆ ಮಿಕ್ಸರ್ ಹೊಡಿ ಎಂದೆ. ಬಿಗಿದ ಅಂಚಿನ ಮೇಲೇ ಹಸಿ ಕಾಂಕ್ರೀಟು ಸುರಿಸಿದೆ. ರುದ್ರಾಚಾರ್ ನನ್ನ ಮುಖ ನೋಡಿದ. ಕಾಂಕ್ರೀಟು ತನ್ನ ವಿದ್ಯೆಯಲ್ಲವಲ್ಲ ಎಂದು ಕೆಳಗಿಳಿದು ಹೋದ.

ಮೂರು ವಾರಕ್ಕೂ ಮೀರಿ ಒದ್ದೆ ಗೋಣಿ ಹೊದಿಸಿ ನೀರುಣಿಸಿದೆವು. ಆಮೇಲೆ ಕಂಬ ಕಿತ್ತು ಹಲಗೆ ಬಿಚ್ಚಿದ ದಿನ ಆರ್ಕಿಟೆಕ್ಟ್ ಬಂದಿದ್ದರು. ಮೊದಲ ಹಲಗೆಗಳು ಬಿದ್ದವು. ಮಾವಿನ ಮರದ ಎಳೆ, ಗಂಟು, ಗರಗಸದ ಓರೆ ಗುರುತು ಎಲ್ಲ ಕಾಂಕ್ರೀಟಿನಲ್ಲಿ ಮೂಡಿತ್ತು. ಅಷ್ಟಗಲದ ಬೂದುಬಣ್ಣದ ಮರವೊಂದು ತಲೆಯ ಮೇಲೆ ತೇಲುತ್ತಿದ್ದ ಹಾಗಿತ್ತು. ಗಂಗಮ್ಮ ಕೂಡ ಕೆಣಕುವುದು ಬಿಟ್ಟು ಕತ್ತೆತ್ತಿ ನಿಂತಿದ್ದಳು. ರುದ್ರಾಚಾರ್ ಟವಲ್ಲಿನ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದ. ಪಶ್ಚಿಮದ ಕಡೆಯ ಹಲಗೆಗಳು ಬಿದ್ದವು. ಅಲ್ಲಿ ಆ ಎಳೆಗಳನ್ನೆಲ್ಲ ಅಡ್ಡಕ್ಕೆ ಕತ್ತರಿಸಿಕೊಂಡು, ಗೋಡೆಯಿಂದ ಗೋಡೆಗೆ, ಕಪ್ಪು ಗೆರೆ.

ಆರ್ಕಿಟೆಕ್ಟ್ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇದೇನಾಯಿತು ಎಂದು ಕೇಳಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಿಜ ಹೇಳುತ್ತಿದ್ದೆನೇ? ಗೊತ್ತಿಲ್ಲ. ಹೊರೆಗೆ ಸೆಂಟ್ರಿಂಗು ಸ್ವಲ್ಪ ಕುಸಿದಿರಬೇಕು ಸಾರ್, ಆಚಾರಿಗೆ ಇಂಥ ಕೆಲಸ ಹೊಸದು ಎಂದು ಇಂಗ್ಲಿಷಿನಲ್ಲೇ ಹೇಳಿದೆ. ಅವರು ಇನ್ನೂ ಏನೇನೋ ಕೇಳಿದರು, ನಾನು ಹೇಳುತ್ತಲೇ ಹೋದೆ. ಒಂದು ಸುಳ್ಳು ನಿಲ್ಲಬೇಕಾದರೆ ಅದಕ್ಕೂ ಎಷ್ಟೊಂದು ಆಸರೆ ಕಂಬಗಳು ಬೇಕು. ರುದ್ರಾಚಾರ್ ನನ್ನ ಹಿಂದೆ ಎರಡು ಮಾರು ದೂರದಲ್ಲಿ ನಿಂತಿದ್ದ. ಅವನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಸೆಂಟ್ರಿಂಗ್ ಎಂಬ ಮಾತು ಮಾತ್ರ ಅವನಿಗೂ ಗೊತ್ತಿತ್ತು.

ವಾರದೊಳಗೆ ಆ ಮಾತು ಕನ್ನಡವಾಗಿ ಊರೆಲ್ಲ ಸುತ್ತಿತು. ಜೂನಿನ ಮೊದಲ ಮಳೆಗೆ ಗೆರೆ ಬೆವರಿತು. ಎರಡನೆಯದಕ್ಕೆ ಹನಿಯಿತು. ಸನ್ಯಾಸಿಗಳು ಪೂಜೆಯ ಪೀಠದ ಮೇಲೆ ಹಾಲು ಕರೆಯುವ ಬಕೆಟ್ಟು ಇಟ್ಟು ಪ್ರಾರ್ಥನೆ ಮಾಡಿದರು. ಟಾರು ಬಳಿದೆವು, ಸಿಮೆಂಟು ತುಂಬಿದೆವು. ನೀರು ಬೇರೆ ಕಡೆ ದಾರಿ ಮಾಡಿಕೊಂಡಿತು. ಒಂದು ಸಂಜೆ ಸೋನೆ ಹಿಡಿದಿತ್ತು. ಫಾದರ್ ಸಿಲ್ವೆಸ್ಟರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಕೆಟ್ಟಿಗೆ ಹನಿ ಬೀಳುವುದನ್ನು ನೋಡುತ್ತ ಮಾತಾಡಿದರು.

“ಮೋಲ್ಡ್ ಹಾಕಿದ ದಿವಸ ಮಧ್ಯಾಹ್ನ ನಿಮ್ಮವರೆಲ್ಲ ಕೆಲಸ ನಿಲ್ಲಿಸಿದರಲ್ಲ, ಅದು ಯಾರು ಹೇಳಿದ್ದು ಮಾರಾಯ್ರೇ?”

“ಯಾರೂ ಹೇಳ್ಲಿಲ್ಲ ಫಾದರ್.”

“ಅದೇ ನೋಡಿ. ನಾನು ಮೂವತ್ತು ವರ್ಷದಿಂದ ಪ್ರಾರ್ಥನೆ ಮಾಡ್ತಾ ಇದ್ದೇನೆ, ಹಾಗೊಂದು ಮೌನ ನಾನು ಕಂಡಿಲ್ಲ. ಹೊರಗೆ ಅಷ್ಟು ಜನ ನಮಗೋಸ್ಕರ ಕೂತಿದ್ದಾರೆ ಅಂತ ಗೊತ್ತಾಯ್ತು. ಅವರು ಏಳುವ ಮೊದಲು ನಾವು ಹೇಗೆ ಏಳುವುದು? ಬೇಡ, ಅವರಾಗಿ ಎದ್ದ ಮೇಲೆ ಏಳುವ ಅಂತ ನಾನೇ ಬ್ರದರ್‌ಗಳಿಗೆ ಕೈಸನ್ನೆ ಮಾಡಿದೆ. ಈ ಮಾಡು ಎಷ್ಟಾದರೂ ಸೋರಲಿ, ಆ ಒಂದು ಮಧ್ಯಾಹ್ನ ನಮಗೆ ಸಿಕ್ಕಿತಲ್ಲ.”

ಹೊರಗಿನವರು ಒಳಗಿನವರಿಗಾಗಿ ಕಾದಿದ್ದರು, ಒಳಗಿನವರು ಹೊರಗಿನವರಿಗಾಗಿ ಕಾದಿದ್ದರು. ಎಲ್ಲವನ್ನೂ ಬಲ್ಲವನು ಮಜ್ಜಿಗೆ ಕುಡಿಯುತ್ತ ಕೂತಿದ್ದ. ಫಾದರ್‌ಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆ ಬಕೆಟ್ಟು ತುಂಬಿಸುತ್ತಿರುವುದು ನೀವು ಹೇಳುತ್ತಿರುವ ಮಧ್ಯಾಹ್ನವೇ ಎಂದು ಆ ಮುಖಕ್ಕೆ ಹೇಗೆ ಹೇಳುವುದು? ಹೇಳದೆ ಉಳಿದದ್ದನ್ನು ಕರುಣೆ ಎಂದು ಬಹಳ ವರ್ಷ ಕರೆದುಕೊಂಡೆ.

ಮೂರನೆಯ ಮಳೆಗಾಲಕ್ಕೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರತೊಡಗಿತು. ತಪಾಸಣೆಗೆ ಬಂದವರು ಇದರ ಕೆಳಗೆ ಜನ ಕೂರಬಾರದೆಂದು ಬರೆದುಕೊಟ್ಟು ಹೋದರು. ಸನ್ಯಾಸಿಗಳು ಮತ್ತೆ ತಗಡಿನ ಶೆಡ್ಡಿಗೆ ಹೋದರು. ಆಗಲೇ ಇಬ್ಬರು ತೀರಿಕೊಂಡಿದ್ದರು, ಹೊಸಬರು ಬರಲಿಲ್ಲ. ಉಳಿದವರನ್ನು ಬೇರೆ ಕಡೆಯ ಮಠಕ್ಕೆ ಕರೆಸಿಕೊಂಡರು. ದನಗಳನ್ನು ಊರವರಿಗೆ ಕೊಟ್ಟು, ಗಂಟೆಯನ್ನು ಬಿಚ್ಚಿ ಗೋಣಿಯಲ್ಲಿ ಸುತ್ತಿ ಬೀರೂರಿಗೆ ಗಾಡಿಯಲ್ಲಿ ಹೋದರೆಂದು ಕೇಳಿದೆ. ಆ ಹೊತ್ತಿಗೆ ನನಗೆ ಸರ್ಕಾರಿ ಕೆಲಸ ಸಿಕ್ಕಿ ದೂರದ ಜಿಲ್ಲೆಯಲ್ಲಿದ್ದೆ. ಇದು ನೆಪವಲ್ಲ, ನಿಜ. ಆದರೂ ನೆಪದ ಹಾಗೆಯೇ ಉಪಯೋಗಕ್ಕೆ ಬಂತು.

ಇಷ್ಟೂ ಈರುಳ್ಳಿಯ ರಾಶಿಯ ಮುಂದೆ ನಿಂತು ಒಂದೇ ಗುಕ್ಕಿಗೆ ನೆನಪಾಯಿತು ಎನ್ನಲಾರೆ. ಅಲ್ಲಿ ನನ್ನ ಕಿವಿಯಲ್ಲಿದ್ದದ್ದು ಕಾವಲಿನವನ ಮಾತು ಮಾತ್ರ: ಪಾದ್ರಿ ಮಠದ ಆಚಾರಿ. ಹತ್ತು ವರ್ಷ ಒಬ್ಬ ಮನುಷ್ಯ ಅದನ್ನು ಕೇಳಿಸಿಕೊಂಡಿದ್ದಾನೆ. ಮದುವೆ ಮನೆಯಲ್ಲಿ ವಿಚಾರಿಸಿದೆ. ಆ ಕಟ್ಟಡ ಆದ ಮೇಲೆ ರುದ್ರಾಚಾರ್‌ನನ್ನು ಸೆಂಟ್ರಿಂಗಿಗೆ ಯಾರೂ ಕರೆಯಲಿಲ್ಲವಂತೆ, ಆಮೇಲಾಮೇಲೆ ಬಾಗಿಲಿಗೂ ಕರೆಯಲಿಲ್ಲವಂತೆ. ಅಂಗಡಿ ಮುಚ್ಚಿ ಅಮೃತಾಪುರದಲ್ಲಿ ಮಗಳ ಮನೆಗೆ ಹೋಗಿದ್ದಾನೆ ಎಂದರು. ಮರುದಿನ ಬೆಳಿಗ್ಗೆ ತರೀಕೆರೆಗೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದೆ.

ಜಗಲಿಯ ಮೇಲೆ ಕೂತು ಕುಡುಗೋಲಿಗೆ ಹಿಡಿ ಕೆತ್ತುತ್ತಿದ್ದ. ಮೈ ಇಳಿದಿತ್ತು, ಕೈ ಅದೇ. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಕೂಡಲೇ ಎದ್ದು ನಿಂತ.

“ಇಂಜಿನೇರ್ರು! ಅಯ್ಯೋ, ನೀವ್ಯಾಕ್ ಬರಕ್ಕೋದ್ರಿ, ಹೇಳ್ಕಳ್ಸಿದ್ರೆ ನಾನೇ ಬತ್ತಿರ್ಲಿಲ್ವಾ?”

ನಾನು ಕೂರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳನ್ನು ಜೋಡಿಸಿದ ಕ್ರಮದಲ್ಲೇ ಹೇಳಿದೆ. ಗಂಟೆಗೆ ಕೆಲಸ ನಿಂತದ್ದು, ಕಾಂಕ್ರೀಟು ಬಿಗಿದದ್ದು, ಕೆತ್ತಿಸದೆ ಅದರ ಮೇಲೇ ಸುರಿಸಿದ್ದು. ನಿಮ್ಮ ಸೆಂಟ್ರಿಂಗು ಅಲುಗಿರಲಿಲ್ಲ, ಆರ್ಕಿಟೆಕ್ಟಿಗೆ ನಾನು ಸುಳ್ಳು ಹೇಳಿದೆ, ತಪ್ಪು ನನ್ನದು ಎಂದೆ.

ಅವನು ಉಳಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮಕ್ಕಳನ್ನು ಸಮಾಧಾನ ಮಾಡುವವರ ಹಾಗೆ ತಲೆಯಾಡಿಸಿದ.

“ಇಲ್ಲ ಬಿಡಿ. ನನ್ ಕೆಲಸ ನಂಗೆ ಗೊತ್ತಾಗಲ್ವಾ? ಪಡುವಲ ಮೂಲೇಲಿ ಹುತ್ತ ಇತ್ತಲ್ಲ, ಅದನ್ನ ಕೆದಕಿ ಮಣ್ಣು ತುಂಬಿದ್ವಿ. ಅದ್ರ ಮ್ಯಾಲೆ ಎರಡು ಕಂಬ ನಿಲ್ಸಿದ್ದೆ. ಬುಡಕ್ಕೆ ಹಲ್ಗೆ ಕೊಟ್ಟಿರ್ಲಿಲ್ಲ. ಅವತ್ತು ಮಧ್ಯಾಹ್ನ ನಾನ್ ಕೆಳಗಿದ್ದಾಗ್ಲೇ ಒಂದು ಕಂಬ ಇಳೀತು ಕಣ್ರೀ, ಹಿಂಗೆ...” ಹೆಬ್ಬೆರಳಿನಿಂದ ತೋರುಬೆರಳಿನ ಒಂದು ಗೆಣ್ಣು ಅಳೆದು ತೋರಿಸಿದ. “ಇಷ್ಟು. ನಾನು ನೋಡ್ದೆ. ನೋಡಿ ಬೆಣೆ ಹೊಡ್ದೆ. ಹುತ್ತ ಕೆದಕ್ಬಾರ್ದಾಗಿತ್ತು. ನಾಗಪ್ಪನ ಜಾಗ.”

ಹುತ್ತವಿದ್ದದ್ದು ದನದ ಕೊಟ್ಟಿಗೆಯ ಹಿಂದೆ. ಅದನ್ನು ಯಾರೂ ಮುಟ್ಟಿರಲಿಲ್ಲ. ಚರ್ಚಿನ ಜಾಗದಲ್ಲಿ ಎಲ್ಲಿ ಹಾರೆ ಹಾಕಿದರೂ ಬಂಡೆಯೇ ಇತ್ತು, ಪಾಯಕ್ಕೆ ಮದ್ದು ಸಿಡಿಸಬೇಕಾಗಿ ಬಂದಿತ್ತು. ಆ ಬಂಡೆಯ ಮೇಲೆ ಕಂಬ ಗೆಣ್ಣಿನಷ್ಟು ಇಳಿಯಲು ಸಾಧ್ಯವೇ ಇರಲಿಲ್ಲ. ಇದನ್ನೂ ಹೇಳಿದೆ. ಅವನು ಕೇಳಲಿಲ್ಲ. ಯಾವ ಕಂಬ, ಎಷ್ಟನೆಯ ಸಾಲು, ಬೆಣೆ ಹೊಡೆಯುವಾಗ ಎಡಗೈಗೆ ಸುತ್ತಿಗೆ ತಗುಲಿದ್ದು, ಎಲ್ಲ ಅವನಿಗೆ ನೆನಪಿತ್ತು. ನನ್ನ ಬೆಲ್ಟಿನ ಅಂಗಡಿಯವನ ಮುಖಕ್ಕಿಂತ ಸ್ಪಷ್ಟವಾಗಿತ್ತು.

“ಆಚಾರ್ರೇ, ನಿಮ್ ಮೇಲೆ ಹಾಕಿದ್ದು ನಾನು. ನಾನೇ,” ಎಂದೆ. ನನ್ನ ದನಿ ಏರಿತ್ತು.

“ನೀವ್ ಹಂಗನ್ಬ್ಯಾಡಿ. ಅವತ್ತು ಆ ದೊಡ್ ಮನ್ಸ ಕೇಳ್ತಾನೇ ಇದ್ದ, ನೀವು ನನ್ ಪರವಾಗಿ ಇಂಗ್ಲೀಷ್ನಾಗೆ ಎಷ್ಟೊತ್ತು ಹೇಳಿದ್ರಿ! ನಂಗೇನ್ ತಿಳೀಲಿಲ್ಲ ಅಂದ್ಕಂಡ್ರಾ? ಬ್ಯಾರೆ ಯಾರಾದ್ರೂ ಆಗಿದ್ರೆ ಪೋಲೀಸ್ರಿಗೆ ಕೊಟ್ಟಿರೋರು. ಈಗ ಬಂದು ಇದನ್ನೂ ನಿಮ್ ತಲೆ ಮ್ಯಾಲೆ ಹಾಕ್ಕಂತೀರಲ್ಲ. ನಿಮ್ಮಪ್ಪಾರೂ ಹಿಂಗೇ, ದೊಡ್ ಮನ್ಸು.”

ಅವನ ಕಣ್ಣು ತುಂಬಿತ್ತು. ನಾನು ಹೇಳಿದ್ದೆಲ್ಲ ನನ್ನ ಒಳ್ಳೆಯತನದ ಲೆಕ್ಕಕ್ಕೇ ಹೋಗುತ್ತಿತ್ತು. ಒಳಗಿನಿಂದ ಅವನ ಮಗಳು ಕೂಗಿದಳು: “ಯಾರಪ್ಪಾ ಅದು?”

“ಪಾದ್ರಿ ಮಠದ ಇಂಜಿನೇರ್ರು ಕಣೇ! ನಾನ್ ಕೆಡ್ಸಿದ್ನಲ್ಲ, ಅವತ್ತು ನನ್ನ ಉಳ್ಸಿದೋರು. ಕಾಫಿಗಿಡು.”

ಟವಲ್ಲಿನಿಂದ ಜಗಲಿಯ ಮೇಲಿನ ಮರದ ಹೊಟ್ಟು ಝಾಡಿಸಿ ಜಾಗ ಮಾಡಿಕೊಟ್ಟ. ನಾನು ಚಪ್ಪಲಿ ಬಿಟ್ಟು ಕೂತೆ. ಕಾಫಿ ಬಂತು. ಕುಡಿದೆ.